ಮಾಸ್ತಿಕಲ್ಲಿನ ಮುಂದೆ ಮುಚ್ಚಿಕೊಂಡ ಕೈ

ಗೈಡು ನೋಡಿ ಉತ್ತರ ಬರೆಯುವ ಮಕ್ಕಳನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಹೋದ ಚಳಿಗಾಲ, ದೇವರ ಹಿಪ್ಪರಗಿ ಹತ್ತಿರದ ನಮ್ಮ ಹೈಸ್ಕೂಲಿನ ಒಂಬತ್ತನೇ ತರಗತಿ ಹುಡುಗಿಯರನ್ನು ವಿಜಯಪುರದ ಮ್ಯೂಸಿಯಂಗೆ ಕರೆದೊಯ್ದಾಗಲೂ ಬಾಗಿಲಲ್ಲೇ ತಾಕೀತು ಮಾಡಿದ್ದೆ: “ಕಣ್ಣಿಗೆ ಕಂಡದ್ದ ಹೇಳ್ರಿ. ಯಾರಿಗೂ ಅಂಜಬ್ಯಾಡ್ರಿ.”

ಒಳಗೆ ದೇವರ ಮೂರ್ತಿಗಳಿವೆ ಎಂದು ಅವರೆಲ್ಲ ಚಪ್ಪಲಿ ಬಿಟ್ಟರು. ಬಿಡಬೇಕಿಲ್ಲ ಎಂದು ಕಾವಲುಗಾರ ಹೇಳಿದರೂ ಒಬ್ಬಳೂ ಕೇಳಲಿಲ್ಲ. ಕೊನೆಗೆ ನಾನೂ ಬಿಟ್ಟೆ.

ಒಂದು ಕಲ್ಲಿನ ಮುಂದೆ ನಿಲ್ಲಿಸಿದೆ. ಕಂಬದಿಂದ ಹೊರಟ ಒಂದು ಕೈ, ಅಂಗೈ ಮೇಲೆತ್ತಿದೆ, ಬೆರಳ ಸಂದಿಯಲ್ಲಿ ನಿಂಬೆಹಣ್ಣು, ಮುಂಗೈ ತುಂಬ ಬಳೆ. ಏನಿದು ಎಂದು ಕೇಳಿದೆ.

“ಬಸ್ಸಿಗಿ ಕೈ ಮಾಡಾಕತ್ತಾಳ್ರಿ,” ಅಂದಳು ಒಬ್ಬಳು.

“ಉತ್ತರ ಗೊತ್ತೈತಂತ ಕೈ ಎತ್ತ್ಯಾಳ್ರಿ. ನಿನ್ಹಂಗ ಅಲ್ಲ,” ಅವಳನ್ನು ತಿವಿದು ಅಂದಳು ಇನ್ನೊಬ್ಬಳು. ಎಲ್ಲರೂ ಬಿದ್ದು ಬಿದ್ದು ನಕ್ಕರು, ನಾನೂ ನಕ್ಕೆ.

ಆಮೇಲೆ ಹೇಳಿದೆ: ಇದು ಮಾಸ್ತಿಕಲ್ಲು, ಗಂಡನ ಚಿತೆ ಏರಿದ ಹೆಣ್ಣಿನ ನೆನಪಿಗೆ ನಿಲ್ಲಿಸಿದ್ದು. ನಗು ನಿಂತಿತು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಮುಂದೆ ಬಂದಳು. ಬಾಯಿಗೆ ಬೀಗವಿಲ್ಲದ ಹುಡುಗಿ. ಅಪ್ಪ ತೀರಿ ವರ್ಷವಾಗಿತ್ತು.

“ಅಪ್ಪ ಸತ್ತಾಗ ನಮ್ಮವ್ವನ ಕೈಯಾನ ಬಳಿ ಒಡದ್ರು. ಈಕಿ ಸತ್ತಳು, ಅದಕ್ಕ ಈಕಿ ಬಳಿ ಉಳದಾವು. ಹಂಗಂದ್ರ ಬಳಿ ಬೇಕಂದ್ರ ಸಾಯಬೇಕೇನ್ರಿ ಟೀಚರ್? ಬದುಕಿದಾಕಿ ಹಾಕ್ಕೊಂಡ್ರ ಏನಾಕ್ಕೈತ್ರಿ?”

ಕಲ್ಲು ತೋರಿಸುತ್ತಿದ್ದ ನನ್ನ ಬರಿಗೈ ತಾನಾಗಿ ಸೆರಗಿನೊಳಗೆ ಹೋಯಿತು. ನನ್ನ ಗಂಡ ಹೋಗಿಯೂ ಎರಡು ವರ್ಷವಾಗಿತ್ತು. ಹುಡುಗಿಯರೆಲ್ಲ ಸೆರಗನ್ನೇ ನೋಡಿದರು. ಗೆಳತಿಯೊಬ್ಬಳು ಆ ಹುಡುಗಿಯನ್ನು ಚಿವುಟಿ, “ಸುಮ್ನಿರು, ಪಾಪ ಟೀಚರ್,” ಅಂದಳು. ಆ ‘ಪಾಪ’ ಕೇಳಿ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಥೂ, ಇಷ್ಟು ಮಾತಾಡುವ ನನ್ನ ನಾಲಿಗೆಗೆ ಏನಾಗಿತ್ತು! “ಅದು ಪದ್ಧತಿ. ಮುಂದ ನಡೀರಿ,” ಅಂದುಬಿಟ್ಟೆ.

ನಿಜ ಹೇಳಬೇಕೆಂದರೆ ಮನೆಯಲ್ಲಿ ನನ್ನನ್ನು ಯಾರೂ ತಡೆದಿರಲಿಲ್ಲ. “ಹಸರ ಬಳಿ ತರ್ತೇನಿ, ಹಾಕ್ಕೊಳವಾ,” ಎಂದು ಅತ್ತೆಯೇ ಎರಡು ಸಲ ಹೇಳಿದ್ದರು. ಬೇಡ ಎಂದವಳು ನಾನೇ.

ವಾಪಸು ಬರುವಾಗ ಆ ಹುಡುಗಿ ಬಸ್ಸಿನಲ್ಲಿ ನನ್ನ ಸೀಟಿನ ಹತ್ತಿರ ಬಂದು ನಿಂತಳು. “ತಪ್ಪಾತ್ರಿ ಟೀಚರ್.”

ಮುಖ ಎತ್ತುವುದಕ್ಕೂ ನಾಚಿಕೆಯಾಯಿತು. ಪಕ್ಕಕ್ಕೆ ಸರಿದು ಕೂರಿಸಿಕೊಂಡೆ. “ನಿಂದೇನ್ ತಪ್ಪಿಲ್ಲವಾ. ನಾ ಅಂಜಿದ್ನಿ.”

“ಯಾರಿಗ್ರಿ? ನಿಮ್ಮ ಅತ್ತಿಗೇನ್ರಿ?”

“ಅಲ್ಲ. ನಿಮಗ. ಬಳಿ ಹಾಕ್ಕೊಂಡು ಕ್ಲಾಸಿಗಿ ಬಂದ್ರ ನೀವೆಲ್ಲಾ ಏನಂತೀರೋ ಅಂತ.”

ಅವಳು ನನ್ನ ಬರಿಗೈ ನೋಡಿದಳು.

“ನಾವೇನ್ ಅನ್ನೂದಿತ್ರಿ ಟೀಚರ್? ನಾ ದಿನಾ ನಮ್ಮವ್ವಗ ಹಾಕ್ಕೋ ಹಾಕ್ಕೋ ಅಂತೇನಿ. ‘ಅಷ್ಟು ಓದಿದ ನಿಮ್ಮ ಟೀಚರೇ ಹಾಕ್ಕೊಂಡಿಲ್ಲ, ನಂದೇನು,’ ಅಂತಾಳ್ರಿ.”