ರನ್ನಿಂಗ್ ಬೋರ್ಡಿನೊಳಗಿನ ಟವೆಲ್

ನಂಜನಗೂಡಿನಲ್ಲಿ ಟಿಂಕರ್ ಚನ್ನಯ್ಯನ ಶೆಡ್ಡಿಗೆ ಗಾಡಿ ಬಿಟ್ಟವರು ಒಂದು ಕಾಟ ಅನುಭವಿಸಲೇಬೇಕು. ತುಕ್ಕು ತಿಂದ ತಗಡನ್ನು ಕತ್ತರಿಸಿದ ಮೇಲೆ, ಹೊಸ ತಗಡು ಬೆಸೆಯುವ ಮುಂಚೆ, ಆತ ಗಾಡಿಯ ಯಜಮಾನನಿಗೆ ಹೇಳಿ ಕಳಿಸುತ್ತಾನೆ. ಯಜಮಾನ ಬಂದು, ಬಗ್ಗಿ, ಆ ತೂತಿನೊಳಗೆ ಬೆರಳಿಟ್ಟು ನೋಡಬೇಕು. ನಾನು ತಾಂಡವಪುರದ ಮೇಷ್ಟರು. ನನ್ನ ಸ್ಕೂಟರಿನ ರೂಪಾಯಿ ಅಗಲದ ತೂತು ತೋರಿಸುವುದಕ್ಕೆ ನನ್ನಿಂದ ಅರ್ಧ ದಿನ ರಜೆ ಹಾಕಿಸಿದ ಮಹಾನುಭಾವ ಇವನು. "ನಿನ್ನ ಮೇಲೆ ನಂಬಿಕೆ ಇದೆ ಕಣಯ್ಯ, ಮುಚ್ಚು" ಅಂದರೆ, "ನಂಬ್ಕೆ ಇರ್ಲಿ ಸಾ, ಬೆರಳು ಇಡಿ" ಅನ್ನುತ್ತಾನೆ. ಈ ಕಾಟ ಶುರುವಾದದ್ದು 2004ರಲ್ಲಿ, ನನ್ನ ಕಣ್ಣೆದುರಿಗೇ. ಹಾಗಾಗಿ ಬಾಯಿತುಂಬ ಬೈದರೂ ಹೋಗಿ ಬೆರಳಿಡುತ್ತೇನೆ.

ಚನ್ನಯ್ಯ ಬದನವಾಳಿನವನು. ಅವನ ತಾಯಿ ಮಾದಮ್ಮ ಅಲ್ಲಿನ ಖಾದಿ ಕೇಂದ್ರದಲ್ಲಿ ನೂಲುತ್ತಿದ್ದರು. ಹದಿನಾರಕ್ಕೆ ಟಿ. ನರಸೀಪುರದ ಒಬ್ಬ ಮೇಸ್ತ್ರಿಯ ಕೈಕೆಳಗೆ ಸುತ್ತಿಗೆ ಹಿಡಿದ. ತೊಂಬತ್ತೈದರಲ್ಲಿ ನಂಜನಗೂಡಿಗೆ ಬಂದು ತನ್ನದೇ ಶೆಡ್ ಹಾಕಿದ. ಗೋಡೆಯ ಮೇಲೆ ಬುದ್ಧ, ಬಾಬಾಸಾಹೇಬರ ಫೋಟೋ. ಅದರ ಕೆಳಗೆ ಸ್ಪ್ರೇ ಗನ್ನು. ಗಾಡಿ ಬಂತೆಂದರೆ ಮಾತಿಗೆ ಮುಂಚೆ ಬೆರಳ ಗೆಣ್ಣಿನಿಂದ ಮೈಯೆಲ್ಲ ತಟ್ಟಿ, ತಲೆ ವಾಲಿಸಿ ಕೇಳುತ್ತಾನೆ. ತಗಡು ಗಟ್ಟಿಯಿದ್ದರೆ ಟಣ್ ಅನ್ನುತ್ತದೆ, ಒಳಗೆ ತುಕ್ಕಿದ್ದರೆ ಒಡಕು ಮಡಕೆಯ ಸದ್ದು. ಮನುಷ್ಯರನ್ನೂ ಹೀಗೆ ತಟ್ಟಿ ನೋಡುವಂತಿದ್ದರೆ ನಮ್ಮ ಶಿಕ್ಷಣ ಇಲಾಖೆಗೆ ಎಷ್ಟೋ ಉಪಕಾರವಾಗುತ್ತಿತ್ತು.

ಆ ವರ್ಷ ಆಗಸ್ಟಿನಲ್ಲಿ ಟಿ. ನರಸೀಪುರದ ರೈಸ್ ಮಿಲ್ಲಿನ ಬೆಟ್ಟಸ್ವಾಮಿಯವರು ಟ್ರ್ಯಾಕ್ಟರ್ ಟ್ರೈಲರಿನ ಮೇಲೆ ಒಂದು ಹಳೇ ಫಿಯೆಟ್ ಕಾರು ಹೇರಿಕೊಂಡು ಬಂದರು. ಬಿಳಿ ಬಣ್ಣ. ಬಾಗಿಲ ಕೆಳಗೆಲ್ಲ ತುಕ್ಕು ಹಪ್ಪಳದ ಹಾಗೆ ಉಬ್ಬಿತ್ತು.

"ಇದು ರ‍್ಯಾಲಿ ಓಡಿಸಿದ ಕಾರು ಕಣಯ್ಯ" ಅಂದರು ಬೆಟ್ಟಸ್ವಾಮಿ, ಕುರ್ಚಿ ಎಳೆದುಕೊಂಡು. "ಮೊದ್ಲು ಕೆಂಪಗಿತ್ತು. ದಸರೆಗೆ ಮೈಸೂರಲ್ಲಿ ಹಳೇ ಕಾರುಗಳನ್ನ ಒಟ್ಟಿಗೆ ಓಡಿಸ್ತಾರಂತೆ. ಅಷ್ಟರೊಳಗೆ ಮತ್ತೆ ಕೆಂಪಾಗಬೇಕು."

ಹಾಗೆಯೇ ಕಾರಿನ ಕತೆಯೂ ಬಂತು. 1990ರಲ್ಲಿ ಬೆಟ್ಟಸ್ವಾಮಿ ಸ್ಟೀರಿಂಗ್ ಹಿಡಿದಿದ್ದರು. ಪಕ್ಕದಲ್ಲಿ ನಕ್ಷೆ ನೋಡಿ ದಾರಿ ಹೇಳುತ್ತಿದ್ದವರು ಅವರ ಅಕ್ಕ ಚನ್ನಾಜಮ್ಮನ ಗಂಡ, ಸುತ್ತೂರಿನ ಚಿಕ್ಕಬಸಪ್ಪ. ಕೊನೆಯ ಮೂವತ್ತು ಕಿಲೋಮೀಟರಿನಲ್ಲಿ ಇವರೇ ಎಲ್ಲರಿಗಿಂತ ಮುಂದಿದ್ದರು. ಆಗ ಟೈರು ಪಂಕ್ಚರ್. ಚಿಕ್ಕಬಸಪ್ಪ ಇಳಿದು ಜಾಕಿ ಇಟ್ಟು ಎತ್ತಿದರು. ಕಾರು ಮೇಲೇಳುವ ಬದಲು ಜಾಕಿಯೇ ತಗಡು ತೂರಿಕೊಂಡು ಒಳಗೆ ಹೋಯಿತು. ಗೆಲುವು ಮಣ್ಣುಪಾಲು. ಆಮೇಲೆ ಯಾರಿಂದಲೋ ತೂತಿನ ಮೇಲೊಂದು ತಗಡು ಬಡಿಸಿ, ಬಿಳಿ ಬಣ್ಣ ಹೊಡೆಸಿ, ಕಾರನ್ನು ಮೂಲೆಗೆ ತಳ್ಳಿದ್ದರು.

"ಜಾಕಿ ಎಲ್ಲಿಡಬೇಕು ಅಂತ ಗೊತ್ತಿಲ್ಲದ ಮನುಷ್ಯ! ಅಷ್ಟು ಜನದ ಎದುರಿಗೆ ಬೈದುಬಿಟ್ಟೆ. ಅವತ್ತಿಂದ ಭಾವ ನಮ್ಮನೆ ಮೆಟ್ಟಿಲು ತುಳೀಲಿಲ್ಲ, ನಾನೂ ಕರೀಲಿಲ್ಲ." ಬೆಟ್ಟಸ್ವಾಮಿ ಬೇರೆ ಕಡೆ ನೋಡಿದರು. "ಅಕ್ಕನಿಗೆ ಗೌರಿ ಹಬ್ಬದ ಬಾಗಿನ ಕಳಿಸೋದೂ ನಿಂತೋಯ್ತು. ಹದಿನಾಲ್ಕು ವರ್ಷ."

"ಬುಡಿ ಸಾ, ಜಾಕಿ ಇಡಕ್ಕೂ ಒಂದು ಕೈ ಬೇಕು" ಎಂದು ಚನ್ನಯ್ಯ ನಕ್ಕ. ನಾನೂ ನಕ್ಕೆ.

ಒಂದು ವಾರ ಬಿಳಿ ಬಣ್ಣ ಕೆರೆದ. ಅಡಿಯಿಂದ ಕೆಂಪು ಎದ್ದಿತು. ಆ ಕೆಂಪು ಕಂಡಾಗಲೇ ಚನ್ನಯ್ಯನ ಮಾತು ಕಡಿಮೆಯಾಯಿತು. ಶನಿವಾರ ಮಧ್ಯಾಹ್ನ ನಾನು ಹೋದಾಗ ಎಡಗಡೆಯ ರನ್ನಿಂಗ್ ಬೋರ್ಡ್, ಅಂದರೆ ಬಾಗಿಲ ಕೆಳಗಿನ ಉದ್ದ ಪಟ್ಟಿ, ತಟ್ಟುತ್ತಿದ್ದ. ಸದ್ದೇ ಬರಲಿಲ್ಲ. ಕತ್ತರಿಸಿದ. ತುಕ್ಕಿನ ಪುಡಿ ಸುರಿಯಿತು. ಅದರ ಹಿಂದೆ ಕಲ್ಲಿನಂತೆ ಗಟ್ಟಿಯಾದ, ನಡುವೆ ಹರಿದ ಒಂದು ಬಟ್ಟೆ. ಖಾದಿ. ಎರಡು ಎಳೆ ಕೆಂಪು, ಒಂದು ಎಳೆ ಹಸಿರಿನ ಅಂಚು. ಚನ್ನಯ್ಯ ನೆಲದ ಮೇಲೆ ಕುಕ್ಕರಿಸಿಬಿಟ್ಟ.

"ಮೇಷ್ಟ್ರೇ, ಇದು ನನ್ನ ಟವೆಲ್ಲು. ನಮ್ಮವ್ವ ತಂದ್ಕೊಟ್ಟಿದ್ದು."

ತೊಂಬತ್ತರಲ್ಲಿ ಮಿಲ್ಲಿನ ಡ್ರೈವರು ಈ ಕಾರು ತಂದಾಗ ಮೇಸ್ತ್ರಿ ನೆಂಟರ ಮದುವೆಗೆ ಹೋಗಿದ್ದರಂತೆ. ಗ್ಯಾಸ್ ವೆಲ್ಡಿಂಗಿಗೆ ಕಾರ್ಬೈಡ್ ಇರಲಿಲ್ಲ. ಮರುದಿನವೇ ರ‍್ಯಾಲಿ. ದೊಡ್ಡವರ ಮನೆ ಕಾರಿಗೆ "ಆಗಲ್ಲ" ಅನ್ನುವ ಧೈರ್ಯ ಇಪ್ಪತ್ತರ ಚನ್ನಯ್ಯನಿಗೆ ಎಲ್ಲಿಂದ ಬರಬೇಕು? ಹೆಗಲ ಮೇಲಿನ ಟವೆಲ್ ಅರ್ಧ ಹರಿದು, ಅಂಟಿನಲ್ಲಿ ಅದ್ದಿ, ತೂತಿಗೆ ತುರುಕಿ, ಮೇಲೆ ಪುಟ್ಟಿ ಮೆತ್ತಿ, ಉಜ್ಜಿ, ಕೆಂಪು ಬಣ್ಣ ಹೊಡೆದ. ಕನ್ನಡಿಯಂಥ ಕೆಲಸ. ಡ್ರೈವರು ಬೆನ್ನು ತಟ್ಟಿ ಹೋದ. ರ‍್ಯಾಲಿಯಲ್ಲಿ ಏನಾಯಿತೆಂದು ಚನ್ನಯ್ಯನಿಗೆ ಯಾರೂ ಹೇಳಲಿಲ್ಲ, ಅವನು ಕೇಳಲೂ ಇಲ್ಲ. ಚಿಕ್ಕಬಸಪ್ಪ ಜಾಕಿ ಇಟ್ಟದ್ದು ಸರಿಯಾದ ಜಾಗದಲ್ಲೇ. ಆ ಜಾಗದಲ್ಲಿ ಇದ್ದದ್ದು ಟವೆಲ್.

ಎರಡು ಗಂಟೆಯ ಕೆಲಸ. ಹೊಸ ತಗಡು ಬೆಸೆದರೆ ಮುಗಿಯಿತು, ನರಪಿಳ್ಳೆಗೂ ಗೊತ್ತಾಗುತ್ತಿರಲಿಲ್ಲ. ಹೇಳಿದರೆ ಬೆಟ್ಟಸ್ವಾಮಿಯ ಬಾಯಿಯಿಂದ ಎರಡು ತಾಲ್ಲೂಕಿಗೆ ಡಂಗುರ. ಶೆಡ್ಡಿಗೆ ಗಾಡಿ ತರುವವರಾರು? ಹೇಳದಿದ್ದರೆ ಒಬ್ಬ ಹೆಣ್ಣುಮಗಳಿಗೆ ತವರಿನ ಬಾಗಿಲು ಮುಚ್ಚಿಯೇ ಇರುತ್ತದೆ. ಬಾಯಲ್ಲಿ ಬಿಸಿತುಪ್ಪ. ಮೂರು ದಿನ ಅವನು ಆ ಕಾರನ್ನು ಮುಟ್ಟಲಿಲ್ಲ. ಸುಮ್ಮನೆ ಮುಚ್ಚಿಬಿಡು ಎಂದು ಒಂದು ಸಲ ನಾನೇ ಹೇಳಿದೆ. ಆ ಮಾತಿಗೆ ಈಗಲೂ ನಾಚಿಕೆಯಾಗುತ್ತದೆ.

ಊಟ ತಂದ ಚನ್ನಯ್ಯನ ಹೆಂಡತಿ ಮಂಚಮ್ಮ ಕೇಳಿಸಿಕೊಂಡಳು. "ಭಾನ್ವಾರ ಮಗಳು ಸಂಘಮಿತ್ರಾ ಪಕ್ಕ ಕೂತ್ಕಂಡು, ಸುಳ್ಳಾಡಕ್ಕಿಲ್ಲ ಅಂತ ಪಂಚಶೀಲ ಹೇಳ್ತೀಯ. ಸೋಮ್ವಾರಕ್ಕೆ ಮರ್ತೋಯ್ತದಾ? ನಿಜ ಏಳ್ಬುಡು, ಓಗು" ಅಂದಳು. ಮೇಷ್ಟರಿಗೂ ಸೇರಿಸಿ ಹೇಳಿದ ಹಾಗಿತ್ತು.

ಶುಕ್ರವಾರ ಬೆಟ್ಟಸ್ವಾಮಿ ಬಂದರು. ಚನ್ನಯ್ಯ ಮಾತಿಗೆ ಮುಂಚೆ ಅವರ ಕೈ ಹಿಡಿದು, ಬಗ್ಗಿಸಿ, ತೂತಿನೊಳಗೆ ಬೆರಳಿಡಿಸಿದ. ಆಮೇಲೆ ಬಟ್ಟೆಯನ್ನು ಕೈಗಿಟ್ಟ.

"ನಿಮ್ ಭಾವಾರು ತಪ್ಪು ಮಾಡಿಲ್ಲ ಸಾ. ತಪ್ಪು ನಂದು."

ಬೆಟ್ಟಸ್ವಾಮಿಯ ಮುಖ ಕೆಂಪಾಗಿ, ಆಮೇಲೆ ಬಿಳಿಚಿಕೊಂಡಿತು. ಬಟ್ಟೆ ಹಿಡಿದುಕೊಂಡೇ ಜೀಪು ಹತ್ತಿದರು. "ನಾಳೆ ಟ್ರ್ಯಾಕ್ಟರ್ ಕಳಿಸಿ ಕಾರು ಒಯ್ತಾರೆ" ಎಂದ ಚನ್ನಯ್ಯ. ಆದರೂ ಅವತ್ತೇ ಕೂತು ರನ್ನಿಂಗ್ ಬೋರ್ಡಿಗೆ ಹೊಸ ತಗಡು ಬೆಸೆದ. ಯಾರಿಗೆ ಅಂತ ಕೇಳಿದರೆ, "ಕಾರಿಗೆ ಸಾ" ಅಂದ.

ಟ್ರ್ಯಾಕ್ಟರ್ ಬರಲಿಲ್ಲ. ಗೌರಿ ಹಬ್ಬ ಕಳೆದ ಮೂರನೇ ದಿನ, ನಾನು ಶಾಲೆ ಮುಗಿಸಿ ಶೆಡ್ಡಿನಲ್ಲಿ ಕೂತಿದ್ದಾಗ, ಜೀಪು ಬಂತು. ಬೆಟ್ಟಸ್ವಾಮಿ ಇಳಿದರು. ಹಿಂದೆ ಹಣೆತುಂಬ ವಿಭೂತಿಯ, ಅರವತ್ತು ದಾಟಿದ ಒಬ್ಬರು ಇಳಿದರು. ಜೀಪಿನಲ್ಲೇ ಕೂತಿದ್ದ ಹೆಂಗಸಿನ ಮಡಿಲಲ್ಲಿ ಬಾಗಿನದ ಮೊರ. ಚನ್ನಾಜಮ್ಮ ಎಂದು ಯಾರೂ ಹೇಳಬೇಕಾಗಿರಲಿಲ್ಲ.

ಚಿಕ್ಕಬಸಪ್ಪ ನೇರ ಬಂದು ಚನ್ನಯ್ಯನ ಎದುರು ನಿಂತರು. ಬೈಗುಳಕ್ಕೆ ಸಿದ್ಧನಾಗಿ ಇವನು ಕೈಕಟ್ಟಿದ.

"ನೀನು ಏಳ್ದಿದ್ರೆ ನಾನು ಅಂಗೇ ಸಾಯ್ತಿದ್ದೆ ಕಣಪ್ಪ" ಅಂದರು ಅವರು. "ಬೆಟ್ಟಸ್ವಾಮಿ ಬೈದಿದ್ದು ದೊಡ್ಡದಲ್ಲ. ನಾನೇ ತಪ್ಪಿಟ್ಟೆ ಅಂತ ನಾನೂ ನಂಬಿದ್ದೆ. ಅದ್ನಾಲ್ಕು ವರ್ಸ ಯಾವ ಗಾಡಿಗೂ ಜಾಕಿ ಇಟ್ಟಿಲ್ಲ. ಪಂಚರ್ ಆದ್ರೆ ರೋಡ್ ಪಕ್ಕ ಕೂತ್ಕಂಡು ಯಾರಾದ್ರೂ ಬರ್ಲಿ ಅಂತ ಕಾಯ್ತಿದ್ದೆ."

ಚನ್ನಯ್ಯನ ಕಣ್ಣು ತುಂಬಿತು. ನನಗೂ ತುಂಬಿತು, ಸುಳ್ಳೇಕೆ? ಅವನು ಒಳಗೆ ಹೋಗಿ ಜಾಕಿ ತಂದು ಅವರ ಕೈಗೆ ಕೊಟ್ಟ. ಚಿಕ್ಕಬಸಪ್ಪ ಒಂದು ಗಳಿಗೆ ಬೆಟ್ಟಸ್ವಾಮಿಯ ಮುಖ ನೋಡಿದರು. ಆಮೇಲೆ ಪಂಚೆ ಎತ್ತಿಕಟ್ಟಿ, ಮಂಡಿಯೂರಿ, ಅದೇ ಜಾಗದಲ್ಲಿ ಜಾಕಿ ಇಟ್ಟು ತಿರುಗಿಸತೊಡಗಿದರು. ಕಾರು ಒಂದಂಗುಲ ಎದ್ದಿತು. ಇನ್ನೊಂದಂಗುಲ. ಚಕ್ರ ನೆಲ ಬಿಟ್ಟಿತು. ತಗಡು ಕಮಕ್ ಕಿಮಕ್ ಅನ್ನಲಿಲ್ಲ.

ಬೆಟ್ಟಸ್ವಾಮಿ ಹೋಗಿ ಎಡಗಡೆಯ ಬಾಗಿಲು ತೆಗೆದು ಹಿಡಿದರು.

"ದಸರೆಗೆ ದಾರಿ ಹೇಳೋರು ಬೇಕು" ಅಂದರು. "ಇಳಿಸಿ ಭಾವ, ಹತ್ತಿ ಕೂತ್ಕೊಳ್ಳಿ."