ಒಂದೇ ಹಾಸಿಗೆ, ಎರಡು ಪಾಳಿ

ಬಾಟಲಿ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಹದ್ದುಗಣ್ಣಿ ಎಂದೇ ಕರೆಯುತ್ತಿದ್ದರು. ಬಿಳಿ ದೀಪದ ಮುಂದೆ ಸಾಲಾಗಿ ಸಾಗುವ ಬಾಟಲಿಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಎತ್ತಿ ಪಕ್ಕಕ್ಕಿಡುತ್ತಿದ್ದಳು. ಹನ್ನೊಂದು ವರ್ಷ ಅದೇ ಸ್ಟೂಲು. ಅದರಲ್ಲಿ ಏಳು ವರ್ಷ ರಾತ್ರಿ ಪಾಳಿ.

ರಾತ್ರಿಯನ್ನು ಅವಳು ಕೇಳಿ ಪಡೆದದ್ದಲ್ಲ. ಬಾಗಿಲ ಪಕ್ಕದ ಹಲಗೆಯಲ್ಲಿ ಮೂರು ಪಾಳಿಗೆ ಮೂರು ಸಾಲು ಮೊಳೆ. ಸೋಮವಾರ ಹೆಂಗಸರೇ ತಂತಮ್ಮ ಹೆಸರಿನ ತಗಡಿನ ಬಿಲ್ಲೆಯನ್ನು ಆ ವಾರದ ಪಾಳಿಯ ಮೊಳೆಗೆ, ಒಂದಕ್ಕೊಂದರಂತೆ, ನೇತುಹಾಕಬೇಕು. ಮಕ್ಕಳಿದ್ದವರು ಹಗಲಿನ ಮೊಳೆ ಹಿಡಿಯುತ್ತಿದ್ದರು. ಮಕ್ಕಳಿಲ್ಲದ ಇವಳ ಬಿಲ್ಲೆಯನ್ನು ಯಾರಾದರೊಬ್ಬರು ಕೇಳದೆಯೇ ರಾತ್ರಿಗೆ ತಳ್ಳುತ್ತಿದ್ದರು. ಇವಳೂ ಅದನ್ನು ತೆಗೆಯದೆ ರಾತ್ರಿಗೇ ಬರುತ್ತಿದ್ದಳು.

ಗಂಡ ಕ್ಷೌರಿಕ. ಬೆಳಿಗ್ಗೆ ಇವಳು ಮೆಟ್ಟಿಲು ಹತ್ತುವಾಗ ಅವನು ಇಳಿಯುತ್ತಿದ್ದ. "ಹಾಸಿಗೆ ಇನ್ನೂ ಬೆಚ್ಚಗಿದೆ, ಹೋಗಿ ಮಲ್ಕೋ," ಎನ್ನುತ್ತಿದ್ದ. ಪರದೆಯಿಲ್ಲದ ಕಿಟಕಿ. ಎರಡು ಗಂಟೆ ನಿದ್ದೆ, ಎದ್ದು ಬಟ್ಟೆ ಒಗೆತ, ಮತ್ತೆ ಒಂದು ಗಂಟೆ. ಊಟಕ್ಕೆ ಹೊತ್ತು ಗೊತ್ತಿಲ್ಲ. ಮುಟ್ಟೂ ಹಾಗೇ. ಒಮ್ಮೆ ಇಪ್ಪತ್ತು ದಿನಕ್ಕೇ ಹಾಜರು, ಇನ್ನೊಮ್ಮೆ ಎರಡು ತಿಂಗಳಾದರೂ ಪತ್ತೆಯಿಲ್ಲ.

ಅವಳಿಗೆ ಮೂವತ್ತಮೂರು ತುಂಬಿದಾಗ, ಇನ್ನೂ ಮಗುವಾಗಿಲ್ಲವೆಂದು ಇಬ್ಬರೂ ಡಾಕ್ಟರಮ್ಮನ ಬಳಿ ಹೋದರು. ಪರೀಕ್ಷೆಯಲ್ಲಿ ಇಬ್ಬರಲ್ಲೂ ದೋಷ ಕಾಣಲಿಲ್ಲ. ಆಗ ಡಾಕ್ಟರಮ್ಮ ಇಬ್ಬರೂ ಮಲಗುವ ಹೊತ್ತು ಕೇಳಿದರು.

"ಮೈಯೊಳಗೂ ಒಂದು ಗಡಿಯಾರ ಇದೆ ಕಣಮ್ಮ. ಕತ್ತಲೆ ನೋಡಿ ಅದು ರಾತ್ರಿ ಅಂತ ತಿಳ್ಕೊಳತ್ತೆ. ನೀನು ರಾತ್ರಿಯೆಲ್ಲ ದೀಪ ನೋಡ್ತೀಯ, ಬಿಸಿಲಲ್ಲಿ ಮಲಗ್ತೀಯ. ಅಂಡ ಯಾವಾಗ ಬಲೀಬೇಕು ಅಂತ ಅದಕ್ಕೆ ಹೇಗೆ ಗೊತ್ತಾಗ್ಬೇಕು? ಇದೊಂದೇ ಕಾರಣ ಅಂತ ನಾನು ಹೇಳಲ್ಲ. ಆದ್ರೆ ಮೊದಲು ಇದನ್ನ ಸರಿ ಮಾಡು. ಮೂರು ಮುಟ್ಟು ಸಾಲಾಗಿ ಹೊತ್ತಿಗೆ ಬರಲಿ, ಮೂರನೇದು ಬಂದ ಕೂಡಲೇ ನನ್ನ ಹತ್ರ ಬನ್ನಿ, ಮುಂದಿನದು ಹೇಳ್ತೀನಿ. ಮುಟ್ಟು ಹಾಗೆ ಬರದಿದ್ರೆ ಸೂಜಿ, ಮಾತ್ರೆ ಇದ್ದೇ ಇದೆ." ಗಂಡನ ಕಡೆ ತಿರುಗಿದರು. "ನೀವೂ ಅಷ್ಟೇ. ರಾತ್ರಿ ಒಂದು ಗಂಟೆವರೆಗೆ ಫೋನ್ ನೋಡೋದು ಬಿಡಿ."

"ಇವಳ ಮುಖ ನೋಡಕ್ಕೆ ಸಿಗಲ್ಲ, ಅದನ್ನಾದ್ರೂ ನೋಡ್ತೀನಿ ಡಾಕ್ಟ್ರೇ."

ಸೋಮವಾರ ಅವಳು ಎಲ್ಲರಿಗಿಂತ ಮೊದಲು ಹೋದಳು. ಬಿಲ್ಲೆಯನ್ನು ಹಗಲಿನ ಮೊಳೆಗೆ ಹಾಕಿ, ಮೇಲೆ ಅಂಗೈ ಇಟ್ಟು ನಿಂತಳು.

ಹಗಲು ಪಾಳಿಯ ಒಬ್ಬಳು, ಅವಳಿಮಕ್ಕಳ ತಾಯಿ, ಬಂದಳು. "ಏನೇ ಹದ್ದುಗಣ್ಣಿ, ಕಣ್ಣು ಕಾಣಲ್ವಾ? ಅದು ನನ್ನ ಮೊಳೆ."

"ನಿಮ್ಮಪ್ಪ ಹೊಡೆದಿದ್ದಾ?"

"ನನ್ನ ಮನೇಲಿ ಎರಡು ಅಳ್ತವೆ. ನಿಂಗೇನು, ಅಳೋರಿದಾರಾ?"



"ಇಲ್ಲ. ಅಳೋದೊಂದು ಬೇಕು ಅಂತಲೇ ಇಲ್ಲಿ ನಿಂತಿದೀನಿ."

 ಬಿಲ್ಲೆಯ ಮೇಲಿನ ಕೈ ಕದಲಲಿಲ್ಲ. ಎಲ್ಲರಿಗಿಂತ ಹಿರಿಯಳಾದ ದೊಡ್ಡಕ್ಕ ಮುಂದೆ ಬಂದು ತನ್ನ ಬಿಲ್ಲೆಯನ್ನು ರಾತ್ರಿಯ ಮೊಳೆಗೆ ಹಾಕಿದಳು. "ಏಳು ವರ್ಷ ನಮ್ಮ ರಾತ್ರೀನೆಲ್ಲ ಇವಳೇ ಕಳೆದ್ಲು. ಈ ವಾರ ನಂದು. ಮುಂದಿನ ವಾರ ಯಾರದ್ದು, ಬಾಯಿ ಬಿಡ್ರೇ." ಹೆಂಗಸರು ಸರದಿ ಮಾಡಿಕೊಂಡರು. ಅವಳಿಮಕ್ಕಳ ತಾಯಿ ತಿಂಗಳು ಪೂರ್ತಿ ಮುಖ ಊದಿಸಿಕೊಂಡೇ ಇದ್ದಳು.

ಮನೆಯಲ್ಲಿ ಸಂಭ್ರಮವೋ ಸಂಭ್ರಮ! ಗಂಡ ದಪ್ಪ ಪರದೆ ತಂದ. ಎಂಟಕ್ಕೆ ಒಟ್ಟಿಗೆ ಊಟ, ಹತ್ತಕ್ಕೆ ದೀಪ ಬಂದ್. ಗಂಡ ಗೊರಕೆ ಹೊಡೆಯುತ್ತಾನೆಂದು ಮದುವೆಯಾಗಿ ಇಷ್ಟು ವರ್ಷಕ್ಕೆ ತಿಳಿಯಿತು!

ಮೊದಲ ಮುಟ್ಟು ನಲವತ್ತೊಂದು ದಿನಕ್ಕೆ. ಅದು ಲೆಕ್ಕಕ್ಕಿಲ್ಲ. ಆಮೇಲಿನದು ಮೂವತ್ತೊಂದಕ್ಕೆ. ಆಮೇಲೆ ಮೂವತ್ತಕ್ಕೆ. ಇನ್ನೊಂದು ಬರಬೇಕು. ಇಪ್ಪತ್ತೆಂಟನೆಯ ದಿನ ಅವಳ ಕೈಯಿಂದ ಒಂದು ಬಾಟಲಿ ಜಾರಿ ಒಡೆಯಿತು. ಅಷ್ಟು ದಿಗಿಲು.

ಮರುದಿನ ಪಾಳಿ ಮುಗಿಸಿದವಳೇ ಗಂಡನ ಅಂಗಡಿಗೆ ಓಡಿದಳು. ಅಂಗಡಿಯಲ್ಲಿ ಗಿರಾಕಿಯ ಒಂದು ಕೆನ್ನೆ ನುಣುಪು, ಇನ್ನೊಂದರ ತುಂಬ ಸೋಪು.

"ಬಂತು ಕಣ್ರೀ! ಮೂರನೇದೂ ಬಂತು! ಇಪ್ಪತ್ತೊಂಬತ್ತಕ್ಕೇ!"

ಏಳು ವರ್ಷ ಅದು ಬಂದಾಗಲೆಲ್ಲ ಅತ್ತವಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಗಂಡ ಕತ್ತಿ ಕೆಳಗಿಟ್ಟ.

"ಡಾಕ್ಟರಮ್ಮ ಎಷ್ಟು ಗಂಟೆವರೆಗೆ ಇರ್ತಾರೆ?"

"ಆರಕ್ಕೆ ಎದ್ದು ಹೋಗ್ತಾರೆ."

"ಅಣ್ಣಾ, ಅಲ್ಲಾಡಬೇಡಿ," ಎಂದು ಮತ್ತೆ ಕತ್ತಿ ಎತ್ತಿ, ಗಿರಾಕಿಯ ತಲೆ ಹಿಡಿದು, ನಾಲ್ಕೇ ಎಳೆತಕ್ಕೆ ಕೆನ್ನೆ ಮುಗಿಸಿದ. ಅಷ್ಟರಲ್ಲಿ ಅವಳು ಅಂಗಡಿಯ ಬಾಗಿಲು ಅರ್ಧ ಎಳೆದಾಗಿತ್ತು.