ದಿನಕ್ಕೊಂದು ಡಾಲರಿನ ವ್ಯಾನು

ಕೇಕಿನ ಮೇಲೆ ಹೆಸರು ತಪ್ಪಾಗಿತ್ತು. ಮೂವತ್ತೊಂದು ವರ್ಷ ಒಂದೇ ಶೆಡ್ಡಿನಿಂದ ಶಾಲೆಯ ಬಸ್ಸು ಓಡಿಸಿದ ಐಲಿ ಕೊಸ್ಕೆಲಾಳಿಗೆ ಬೀಳ್ಕೊಡುಗೆ ಅಂತ ಒಂದು ಅಂಗಡಿ ಕೇಕು ತಂದಿದ್ದರು. ಅದರ ಮೇಲೆ ನೀಲಿ ಸಕ್ಕರೆಯಲ್ಲಿ ‘ಐಲೀನ್’ ಅಂತ ಬರೆದಿತ್ತು. ಯಾರು ಈ ಐಲೀನ್? ಅದೇ ಶೆಡ್ಡಿನಲ್ಲಿ ಬಸ್ಸು ಓಡಿಸುವ ನನಗೆ ಮೈಯೆಲ್ಲ ಉರಿದುಹೋಯಿತು. ಶೆಡ್ಡಿನ ಮ್ಯಾನೇಜರ್ ಡ್ವೈಟ್‌ನನ್ನು ಎಲ್ಲರೆದುರಿಗೇ ಕೇಳಿಬಿಟ್ಟೆ.

“ಅಲ್ಲಪ್ಪಾ ಡ್ವೈಟ್, ಮೂಗಲ್ಲಿ ಸಿಂಬಳ ಸುರಿಸ್ಕೊಂಡು ಇವಳ ಬಸ್ಸಲ್ಲೇ ಶಾಲೆಗೆ ಹೋದವನು ನೀನು. ಇವಳ ಹೆಸರೇನು ಅಂತ ನಿನಗೆ ಗೊತ್ತಿಲ್ವಾ?”

“ಬೇಕರಿಯವರು ತಪ್ಪು ಮಾಡಿದ್ದಾರೆ, ಬರ್ಟಾ,” ಅಂದ. ಫೋನಿನಿಂದ ತಲೆ ಕೂಡ ಎತ್ತಲಿಲ್ಲ.

ಐಲಿ ಚಾಕು ತೆಗೆದುಕೊಂಡು ಸರಿಯಾಗಿ ಹೆಸರಿನ ಮೇಲೇ ಕತ್ತರಿಸಿದಳು. “ಬಿಡೇ ಅತ್ಲಾಗೆ. ಐಲೀನ್ ಬಂದಿಲ್ಲ, ಅವಳ ಪಾಲೂ ನೀನೇ ತಿನ್ನು,” ಅಂತ ದೊಡ್ಡ ತುಂಡೊಂದನ್ನು ನನ್ನ ತಟ್ಟೆಗೆ ಹಾಕಿದಳು. ಅವಳು ಇರುವುದೇ ಹಾಗೆ. ಕೋಪ ಮಾಡಿಕೊಳ್ಳುವ ಕೆಲಸವನ್ನು ಇಷ್ಟು ವರ್ಷ ಅವಳ ಪರವಾಗಿ ನಾನೇ ಮಾಡಿಕೊಂಡು ಬಂದಿದ್ದೇನೆ.

ನಮ್ಮೂರು ಒರೆಗಾನಿನಲ್ಲಿ, ಕೊಲಂಬಿಯಾ ನದಿ ಸಮುದ್ರ ಸೇರುವ ಕಡೆ. ಐಲಿಯ ತಾತ ಸಾಲ್ಮನ್ ಮೀನು ಡಬ್ಬಿಗೆ ತುಂಬುವ ಕೆಲಸಕ್ಕೆ ಫಿನ್ಲೆಂಡಿನಿಂದ ಬಂದವನು. ಇವಳು ಬಸ್ಸಿನ ಸ್ಟಿಯರಿಂಗ್ ಹಿಡಿದಳು. ಹದಿನಾಲ್ಕನೇ ನಂಬರಿನ ಬಸ್ಸು, ನದಿಯ ಜೊತೆಗೇ ಮೇಲಕ್ಕೆ ಹೋಗುವ ಹನ್ನೊಂದು ಮೈಲಿ ದಾರಿ. ಸಮುದ್ರ ಅಷ್ಟು ಹತ್ತಿರ ಇತ್ತು, ಆದರೆ ಬಸ್ಸು ಹೋಗುತ್ತಿದ್ದದ್ದು ಅದಕ್ಕೆ ಬೆನ್ನು ಹಾಕಿಯೇ. ಬೇಸಿಗೆಯಲ್ಲಿ ಶಾಲೆ ಮುಚ್ಚಿದರೆ ನಮಗೆ ಸಂಬಳ ಇಲ್ಲ, ಹಾಗಾಗಿ ಆ ಮೂರು ತಿಂಗಳು ಏಡಿ ಬಿಡಿಸುವ ಕೆಲಸಕ್ಕೆ ಹೋಗುತ್ತಿದ್ದಳು. ಸ್ಟಾಪಿನಲ್ಲಿ ಅಮ್ಮ ಕಾಣಿಸದಿದ್ದರೆ ಮಗುವನ್ನು ಇಳಿಸುತ್ತಿರಲಿಲ್ಲ. ಪಕ್ಕದಲ್ಲೇ ಕೂರಿಸಿಕೊಂಡು, ತಾನೇ ಮಾಡಿದ ಏಲಕ್ಕಿ ಬನ್ನು ಕೊಟ್ಟು, ಇನ್ನೊಂದು ಸುತ್ತು ಹೊಡೆದು ಮತ್ತೆ ಬರುತ್ತಿದ್ದಳು. ಡೀಸೆಲ್ ದಂಡ ಅಂತ ಆಫೀಸಿನವರು ಎರಡು ಸಲ ನೋಟೀಸು ಕೊಟ್ಟರು. ಅವಳು ಆ ನೋಟೀಸಿನಲ್ಲೇ ಬನ್ನು ಸುತ್ತಿ ತಂದಳು.

ಅಂಥವಳು ಹೋದ ನವೆಂಬರಿನಲ್ಲಿ ಒಂದು ದಿನ ಬಸ್ಸು ಒಳಗೆ ತರುವಾಗ ಶೆಡ್ಡಿನ ಗೇಟಿನ ಕಂಬಕ್ಕೆ ಎಡಗಡೆಯ ಕನ್ನಡಿ ತಾಗಿಸಿದಳು. ಬಸ್ಸಿನಲ್ಲಿ ಮಕ್ಕಳಿರಲಿಲ್ಲ. ಆವತ್ತು ಮಧ್ಯಾಹ್ನವೇ ಹೋಗಿ ಬೀಗದ ಕೈ ಡ್ವೈಟ್‌ನ ಮೇಜಿನ ಮೇಲಿಟ್ಟಳು. ಇನ್ನು ಹನ್ನೊಂದು ತಿಂಗಳು ದುಡಿದಿದ್ದರೆ ಪೂರ್ತಿ ಪಿಂಚಣಿ ಬರುತ್ತಿತ್ತು. ಯಾಕೆ ಬಿಟ್ಟೆ ಅಂದರೆ, “ಸಾಕಾಯ್ತು,” ಅಂದಳು. ಡ್ವೈಟ್ ಅಷ್ಟನ್ನೇ ಹಿಡಿದುಕೊಂಡ. “ವಯಸ್ಸಾಯ್ತು, ಒಂದು ಕನ್ನಡಿಗೇ ಹೆದರಿ ಓಡಿಹೋದಳು,” ಅಂತ ಕಾಫಿ ಮಷೀನಿನ ಹತ್ತಿರ ಹೇಳಿಕೊಂಡು ನಗುತ್ತಿದ್ದ. ಅಟ್ಟ ಹತ್ತಿಸಿದವಳನ್ನೇ ಒದೆಯುವ ಜಾತಿ.

ಐಲಿಯ ಒಲೆಯ ಮೇಲಿನ ಗೋಡೆಗೆ ಒಂದು ಹಳೇ ರಸ್ತೆ ನಕ್ಷೆ ಅಂಟಿಸಿದೆ. ನಮ್ಮೂರಿಂದ ಸ್ಯಾನ್ ಡಿಯೇಗೋವರೆಗೆ ಸಮುದ್ರದ ಅಂಚಿನಲ್ಲೇ ಇಳಿಯುವ ದಾರಿ, ಎಣ್ಣೆ ಸಿಡಿದು ಸಿಡಿದು ಅರ್ಧ ಕ್ಯಾಲಿಫೋರ್ನಿಯಾ ಹಳದಿಯಾಗಿದೆ. ಮುಂದಿನ ವರ್ಷ ಹೋಗೋಣ ಅಂತ ಇಪ್ಪತ್ತು ವರ್ಷದಿಂದ ಹೇಳುತ್ತಿದ್ದವಳು ಜನವರಿಯಲ್ಲಿ ನನ್ನನ್ನು ಮನೆಗೆ ಕರೆದು, “ಈ ಜೂನಲ್ಲಿ ಹೋಗ್ಲೇಬೇಕು ಬರ್ಟಾ,” ಅಂದಳು. ‘ಹೋಗ್ಲೇಬೇಕು’ ಅನ್ನುವ ಮಾತು ಅವಳ ಬಾಯಲ್ಲಿ ನಾನು ಅದುವರೆಗೆ ಕೇಳಿರಲಿಲ್ಲ. ಆಗಲೇ ನನಗೆ ತಿಳಿಯಬೇಕಿತ್ತು.

ಇಬ್ಬರದ್ದೂ ಸೇರಿಸಿ ಸಾವಿರದ ಇನ್ನೂರು ಡಾಲರ್, ಹನ್ನೆರಡು ದಿನ. ಪೆಟ್ರೋಲಿಗೇ ಅರ್ಧ ಹೋಗುತ್ತದೆ. ಊಟಕ್ಕೆ ಬೀನ್ಸ್ ಡಬ್ಬಿ, ಟ್ಯೂನಾ ಡಬ್ಬಿ, ಅವಳ ಬನ್ನು. ಹೋಟೆಲಿನ ಮಾತೇ ಬೇಡ, ಸಮುದ್ರದ ಪಕ್ಕದ ಪಾರ್ಕುಗಳಲ್ಲಿ ಟೆಂಟು ಹಾಕಿ ಮಲಗುವುದು ಅಂತ ತೀರ್ಮಾನವಾಯಿತು. ಆ ಜಾಗಗಳನ್ನು ಆರು ತಿಂಗಳು ಮುಂಚೆ ಕಂಪ್ಯೂಟರಿನಲ್ಲಿ ಹಿಡಿಯಬೇಕು, ಬೆಳಿಗ್ಗೆ ಏಳಕ್ಕೆ ಬಾಗಿಲು ತೆಗೆಯುತ್ತದೆ. ಏಳು ಹೊಡೆದ ತಕ್ಷಣ ನಾನು ಒತ್ತಿದೆ. ಏಳು ಗಂಟೆ ಒಂದು ನಿಮಿಷಕ್ಕೆ ಎಲ್ಲ ಖಾಲಿ! ಮರುದಿನವೂ ಅದೇ ಗತಿ, ಅದರ ಮರುದಿನವೂ ಅದೇ. ಹಿಡಿದವರೆಲ್ಲ ಬರುತ್ತಾರಾ? ಖಂಡಿತ ಇಲ್ಲ. ಒಂದು ವಾರಾಂತ್ಯಕ್ಕೆ ನಾಲ್ಕು ಕಡೆ ಹಿಡಿದಿಟ್ಟು ಒಂದಕ್ಕೆ ಹೋಗುತ್ತಾರೆ, ಮೂರು ಕಡೆ ಕಂಬದ ಮೇಲೆ ಹೆಸರಿನ ಚೀಟಿ ಗಾಳಿಗೆ ಪಟಪಟ ಅನ್ನುತ್ತಿರುತ್ತದೆ. ನಮ್ಮೂರ ಪಕ್ಕದ ಪಾರ್ಕಿನಲ್ಲಿ ನಾನೇ ಕಣ್ಣಾರೆ ನೋಡಿದ್ದೇನೆ. ನಾವು ಹುಟ್ಟಿದ ಕರಾವಳಿಯಲ್ಲಿ ನಮಗೇ ಮಲಗಲು ಆರಡಿ ಜಾಗ ಇಲ್ಲ. ಇದಕ್ಕೆ ಏನನ್ನಬೇಕು?

ಏಪ್ರಿಲ್‌ನಲ್ಲಿ ನನಗೆ ನಿಧಿಯೇ ಸಿಕ್ಕಿತು. ಬಾಡಿಗೆ ಗಾಡಿಯವರ ಜಾಹೀರಾತು. ಅವರ ವ್ಯಾನುಗಳೆಲ್ಲ ಲಾಸ್ ಏಂಜಲೀಸಿನಲ್ಲಿ ಸೇರಿಕೊಂಡಿವೆ, ಬೇಸಿಗೆಗೆ ಸಿಯಾಟಲ್‌ಗೆ ಬೇಕು. ಓಡಿಸಿಕೊಂಡು ಬಂದು ಮುಟ್ಟಿಸುವವರಿಗೆ ಪುಕ್ಕಟೆಗೇ ಸಮ. ನಾನು ಜಾಹೀರಾತಿನ ಕಾಗದ ಹಿಡಿದುಕೊಂಡು ಐಲಿಯ ಅಡುಗೆಮನೆಗೆ ನುಗ್ಗಿದೆ. ಅವಳು ಒಲೆಯ ಮುಂದೆ ಕೂತಿದ್ದಳು.

“ದಿನಕ್ಕೆ ಎಷ್ಟು ಹೇಳು ನೋಡೋಣ?”

“ಏನು ದಿನಕ್ಕೆ?”

“ಒಂದು ಡಾಲರ್! ಹಾಸಿಗೆ, ಒಲೆ, ಸಿಂಕು ಎಲ್ಲ ಇರೋ ವ್ಯಾನು ಕಣೇ! ಒಂದು ಕಾಫಿ ದುಡ್ಡು ಕೂಡ ಅಲ್ಲ. ಬಸ್ಸಲ್ಲಿ ಕೆಳಗೆ ಲಾಸ್ ಏಂಜಲೀಸಿಗೆ ಹೋಗೋದು, ವ್ಯಾನಲ್ಲಿ ಮಲಗ್ಕೊಂಡು ಎದ್ಕೊಂಡು ಮೇಲಕ್ಕೆ ಬರೋದು.”

“ಮೇಲಕ್ಕಾ?” ಅಂದಳು. ಒಲೆಯ ಮೇಲಿನ ನಕ್ಷೆಯತ್ತ ನೋಡಿ, “ಬೇಡ,” ಅಂದಳು.

“ಬೇಡ ಅಂದ್ರೆ?”

“ಮೇಲಿಂದ ಕೆಳಗೇ ಹೋಗ್ಬೇಕು. ಸಮುದ್ರ ನಮ್ಮ ಮಗ್ಗುಲಿಗೇ ಇರ್ಬೇಕು. ಇಲ್ಲೇ ಹುಟ್ಟಿದವಳಿಗೆ ಇಷ್ಟು ಗೊತ್ತಿಲ್ವಾ?”

ಗೊತ್ತಿಲ್ಲದೆ ಏನು! ಇಲ್ಲಿಯ ಹಾಲುಗಲ್ಲದ ಮಗುವಿಗೂ ಗೊತ್ತು. ನಾವು ರಸ್ತೆಯ ಬಲಗಡೆ ಓಡಿಸುವವರು, ಡ್ರೈವರ್ ಸೀಟು ಎಡಕ್ಕೆ, ಪಕ್ಕದ ಸೀಟು ಬಲಕ್ಕೆ. ದಕ್ಷಿಣಕ್ಕೆ ಹೋದರೆ ಸಮುದ್ರ ಬಲಗಡೆಯ ಕಿಟಕಿಗೇ ಬರುತ್ತದೆ, ಉತ್ತರಕ್ಕೆ ಬಂದರೆ ಬಲಕ್ಕೆ ಬರೀ ಗುಡ್ಡ, ಸಮುದ್ರ ಎಡಕ್ಕೆ, ಎದುರು ಬರುವ ಗಾಡಿಗಳ ಆಚೆ. ಅಗ್ಗದ ಆಸೆಗೆ ನಾನು ಅದನ್ನು ಬದಿಗೆ ತಳ್ಳಿದ್ದೆ. ಆದರೂ ಸೋಲಲು ಮನಸ್ಸಿರಲಿಲ್ಲ.

“ಧರ್ಮಕ್ಕೆ ದಟ್ಟಿ ಕೊಟ್ರೆ ಹಿತ್ತಲಿಗೆ ಹೋಗಿ ಮೊಳ ಹಾಕಿದ್ಳಂತೆ! ಸಮುದ್ರ ಎಡಗಡೆ ಇದ್ರೆ ಏನು ಕಚ್ಚುತ್ತಾ? ಕತ್ತು ತಿರುಗಿಸಿ ನೋಡಿದ್ರಾಯ್ತಪ್ಪ!” ಅಂತ ಕೂಗಾಡಿ, ಕಾಗದವನ್ನು ಅವಳ ಮುಖದ ಹತ್ತಿರವೇ ಚಾಚಿದೆ. ಅವಳು ತೆಗೆದುಕೊಳ್ಳಲಿಲ್ಲ. ತಿರುಗಿ ಕೂಡ ನೋಡಲಿಲ್ಲ. ನಾನು ಚಾಚಿದ ಕೈ ಚಾಚಿದ ಹಾಗೇ ಇತ್ತು. ಮೂರು ತಿಂಗಳು ಕಣ್ಣು ಕೆಂಪಾಗುವಷ್ಟು ಕಂಪ್ಯೂಟರ್ ನೋಡಿದ್ದಕ್ಕೆ ಈ ಮರ್ಯಾದೆ! ನನ್ನ ಪಿತ್ತ ನೆತ್ತಿಗೇರಿತು. ಕಾಗದವನ್ನು ಮೇಜಿನ ಮೇಲೆ ಕುಕ್ಕಿ ಹೊರಟು ಬಂದೆ. ಎರಡು ವಾರ ಮಾತು ಬಿಟ್ಟೆ.

ಮಾತು ಬಿಟ್ಟವಳಿಗೆ ಅವಳೇ ಫೋನ್ ಮಾಡಿದಳು. ಕಾರು ಸ್ಟಾರ್ಟ್ ಆಗುತ್ತಿಲ್ಲ, ಸಾಮಾನು ತರಬೇಕು, ಕರೆದುಕೊಂಡು ಹೋಗ್ತೀಯಾ ಅಂದಳು. ಹೋದೆ, ಆದರೆ ಮುಖ ಮಾತ್ರ ಗಂಟು ಹಾಕಿಕೊಂಡೇ. ಮರದ ಮಿಲ್ಲಿನ ಹತ್ತಿರ ರಸ್ತೆ ರೈಲು ಹಳಿ ದಾಟುತ್ತದೆ. ಶಾಲೆ ಬಸ್ಸಿನವರಿಗೆ ಹಳಿ ಅಂದರೆ ಕಾನೂನು. ನಿಲ್ಲಿಸಬೇಕು, ಬಾಗಿಲು ತೆಗೆಯಬೇಕು, ಕಿವಿಗೊಟ್ಟು ಕೇಳಬೇಕು, ಎರಡೂ ಕಡೆ ನೋಡಬೇಕು. ರೈಲು ಬರದ ಭಾನುವಾರವೂ ಅಷ್ಟೇ, ಸ್ವಂತ ಗಾಡಿಯಲ್ಲಿದ್ದರೂ ಅಷ್ಟೇ. ಹಿಂದಿನವರು ಹಾರ್ನ್ ಹೊಡೆದುಕೊಂಡು ಸಾಯಲಿ. ಪಕ್ಕದಲ್ಲಿ ಇನ್ನೊಬ್ಬ ಡ್ರೈವರ್ ಇದ್ದರೆ ಅವರು ಎರಡೂ ಕಡೆ ನೋಡಿ ಕೂಗಿ ಹೇಳುವುದು ನಮ್ಮ ಶೆಡ್ಡಿನ ರೂಢಿ. ನಾನು ನನ್ನ ಪಿಕಪ್ ಟ್ರಕ್ಕು ನಿಲ್ಲಿಸಿ ಗಾಜು ಇಳಿಸಿದೆ.

“ಬಲ ಖಾಲಿ,” ಅಂದಳು ಐಲಿ.

“ಎಡ?”

“ಅದು ನೀನೇ ನೋಡ್ಕೋ.”

“ಹಳಿ ಮೇಲೂ ಜಗಳಾನಾ? ಎಷ್ಟು ದಿನ ಸಾಧಿಸ್ತೀಯೇ?”

“ಜಗಳ ಅಲ್ಲ ಕಣೇ. ಎಡಗಡೆ ನನಗೆ ಏನೂ ಇಲ್ಲ.”

ಹಿಂದೆ ಹಾರ್ನ್ ಶುರುವಾಯಿತು. ನಾನು ಕದಲಲಿಲ್ಲ. ಆ ದಿನ ಅಡುಗೆಮನೆಯಲ್ಲಿ ನಾನು ನಿಂತಿದ್ದದ್ದು ಅವಳ ಎಡಗಡೆ. ಗೇಟಿನ ಕಂಬವೂ ಎಡಗಡೆ.

“ಕಂಬ ತಾಗಿದ ದಿನಾನೇ ಗೊತ್ತಾಯ್ತು,” ಅಂದಳು. “ಬಲಗಣ್ಣು ಮುಚ್ಚಿ ನೋಡ್ದೆ, ಕಂಬಾನೇ ಇಲ್ಲ. ಮತ್ತೆ ಆ ಬಸ್ಸು ಹತ್ತೋಕಾಗುತ್ತಾ ಹೇಳು? ಡಾಕ್ಟ್ರು ಬಲಗಣ್ಣಿಗೂ ಇದೇ ಬರುತ್ತೆ ಅಂದ್ರು. ಈ ಬೇಸಿಗೆ ಕಾಣುತ್ತೆ, ಮುಂದಿನ ಬೇಸಿಗೆ ಹೇಳೋಕಾಗಲ್ಲ ಅಂದ್ರು.”

“ಬಾಯಿ ಬಿಟ್ಟು ಹೇಳೋಕೆ ಏನಾಗಿತ್ತೇ ನಿನಗೆ ದಾಡಿ?”

“ಹೇಳಿದ್ರೆ ಆ ಮಕ್ಕಳ ಅಪ್ಪ ಅಮ್ಮಂದಿರು ಹೋದ ವರ್ಷದ್ದೆಲ್ಲ ನೆನೆಸ್ಕೊಂಡು ನಡುಗ್ತಾರೆ. ಡ್ವೈಟ್ ನಗ್ಲಿ ಬಿಡು. ನಗೋದ್ರಿಂದ ಯಾರಿಗೂ ನಿದ್ದೆ ಕೆಡಲ್ಲ.”

ನನಗೆ ನಿದ್ದೆ ಕೆಟ್ಟಿತು. ಯಾರಿಗೂ ಹೇಳಬಾರದು ಅಂತ ಆಣೆ ಹಾಕಿಸಿಕೊಂಡಿದ್ದಳು. ಈಗ ಹೇಳು ಅಂತ ಅವಳೇ ಅಪ್ಪಣೆ ಕೊಟ್ಟ ಮೇಲೆ ಹೇಳುತ್ತಿದ್ದೇನೆ. ಹೆದರಿ ಓಡಿದಳಂತೆ! ಹನ್ನೊಂದು ತಿಂಗಳು ಬಾಯಿ ಮುಚ್ಚಿಕೊಂಡು ಒಂದೇ ಕಣ್ಣಲ್ಲಿ ಓಡಿಸಿ ಪೂರ್ತಿ ಪಿಂಚಣಿ ಹೊಡೆಯುವವರು ಎಷ್ಟು ಜನ ಇಲ್ಲ? ಡ್ವೈಟ್‌ನ ಮುಖಕ್ಕೆ ಇದನ್ನು ಎಸೆಯಬೇಕು ಅಂತ ದಿನಾ ನಾಲಿಗೆ ತುದಿಗೆ ಬರುತ್ತಿತ್ತು, ನುಂಗಿಕೊಳ್ಳುತ್ತಿದ್ದೆ. ಅದಕ್ಕಿಂತ ಹೆಚ್ಚು ಉರಿಯುತ್ತಿದ್ದದ್ದು ನನ್ನದೇ ಮಾತು. ಕತ್ತು ತಿರುಗಿಸು ಅಂದಿದ್ದೆ ನಾನು, ಅವಳಿಗೆ.

ವ್ಯಾನಿನ ಕಾಗದ ಹರಿದು ಹಾಕಿದೆ. ನನ್ನ ಪಿಕಪ್ಪಿನ ಹಿಂದೆ ಹಲಗೆ ಹೊಡೆದು ಹಾಸಿಗೆ ಮಾಡಿದೆ. ಪಾರ್ಕುಗಳ ಸಹವಾಸವೇ ಬೇಡ ಅಂತ, ಕರಾವಳಿಯುದ್ದಕ್ಕೂ ಶಾಲೆ ಬಸ್ಸುಗಳ ಶೆಡ್ಡುಗಳಿಗೆ ಒಂದೊಂದಾಗಿ ಫೋನ್ ಮಾಡಿದೆ. “ಮೂವತ್ತೊಂದು ವರ್ಷ ಬಸ್ಸು ಓಡಿಸಿದವಳು ಬರ್ತಾಳೆ, ರಾತ್ರಿ ಒಳಗೆ ಗಾಡಿ ನಿಲ್ಲಿಸೋಕೆ ಬಿಡ್ತೀರಾ?” ಒಂಬತ್ತು ಕಡೆ ಬಿಡ್ತೀವಿ ಅಂದರು. ಒಬ್ಬರೂ ಜಾಗ ಹಿಡಿಯುವ ಕಂಪ್ಯೂಟರಿನ ಮಾತೆತ್ತಲಿಲ್ಲ.

ಜೂನ್‌ನಲ್ಲಿ ಶಾಲೆ ಮುಚ್ಚಿದ ಮರುದಿನ ಬೆಳಿಗ್ಗೆ ಹೊರಟೆವು. ಪಕ್ಕದ ಸೀಟಿನಲ್ಲಿ ಕೂತು ಅಭ್ಯಾಸವಿಲ್ಲದ ಐಲಿ ಮೊದಲ ಒಂದು ಗಂಟೆ ಇಲ್ಲದ ಬ್ರೇಕನ್ನು ತುಳಿಯುತ್ತಲೇ ಇದ್ದಳು. “ರಸ್ತೆ ನಾನು ನೋಡ್ಕೋತೀನಿ, ನೀನು ಆ ಕಡೆ ನೋಡೇ ಮಾರಾಯ್ತಿ!” ಅಂತ ಗದರಿದೆ. ತಿರುಗಿದಳು. ತಿರುಗಿದವಳು ಮತ್ತೆ ಈ ಕಡೆ ನೋಡಲೇ ಇಲ್ಲ. ಬಂಡೆ, ಅಲೆ, ಮರಳು, ದೀಪಸ್ತಂಭ, ಒಂದೊಂದನ್ನೂ ಮಕ್ಕಳ ಹಾಜರಿ ಕೂಗಿದ ಹಾಗೆ ಕೂಗಿ ಹೇಳುತ್ತಿದ್ದಳು.

ಒಂದು ತಿರುವಿನಲ್ಲಿ ಅದೇ ಬಾಡಿಗೆ ಕಂಪನಿಯ ವ್ಯಾನೊಂದು ಉತ್ತರಕ್ಕೆ ಹೋಯಿತು. ಓಡಿಸುವವನ ಪಕ್ಕ ಕೂತ ಹೆಂಗಸು ಗುಡ್ಡದ ಕಡೆ ಮುಖ ಮಾಡಿ ಫೋನ್ ನೋಡುತ್ತಿದ್ದಳು ಅಂತ ಹೇಳಿದೆ.

“ಪಾಪ, ಒಂದು ಡಾಲರಿಗೆ ಇನ್ನೇನು ಸಿಗುತ್ತೆ?” ಅಂತ ಐಲಿ ನಕ್ಕಳು. ಆಮೇಲೆ, “ಮೂವತ್ತೊಂದು ವರ್ಷ ರಸ್ತೆ ಬಿಟ್ಟು ಬೇರೆ ಏನೂ ನೋಡಿಲ್ಲ ಕಣೇ ನಾನು,” ಅಂದಳು.

ಮುಂದೆ ರಸ್ತೆ ಒಂದು ಹಳಿ ದಾಟುತ್ತಿತ್ತು, ಬಲಕ್ಕೆ ಉದ್ದಕ್ಕೂ ಸಮುದ್ರ. ನಿಲ್ಲಿಸಿದೆ, ಗಾಜು ಇಳಿಸಿದೆ. ಹಿಂದೆ ಯಾರೋ ಹಾರ್ನ್ ಹೊಡೆದ. ಹೊಡೆದುಕೊಳ್ಳಲಿ.

“ಎಡ ಖಾಲಿ,” ಅಂತ ನಾನು ಕೂಗಿದೆ. “ಏನೇ, ಬಲ ಖಾಲಿನಾ?”

“ಇಲ್ಲ ಬರ್ಟಾ,” ಅಂದಳು, ತಿರುಗದೆ. “ಬಲ ತುಂಬಿದೆ. ಒಂದು ನಿಮಿಷ ಇಲ್ಲೇ ನಿಲ್ಲು.”